ದೋಆಬದ ಕದನಕ್ಕೆ ಎರಡು ರಾಗ

ಟಿವಿಯ ಇತಿಹಾಸ ಸಾಕ್ಷ್ಯಚಿತ್ರದಲ್ಲಿ ಕೃಷ್ಣಾ-ತುಂಗಭದ್ರೆಯ ನಡುವಿನ ದೋಆಬದ ರಾಯಚೂರು ಕದನ ಬಂತೆಂದರೆ ಮುಂದೇನು ಕೇಳಿಸುತ್ತದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದು. ಡ್ರೋನ್ ಗುಡ್ಡ ಏರುತ್ತದೆ. ವಿಜಯನಗರದ ಕೃಷ್ಣದೇವರಾಯನ ಹೆಸರಿಗೆ ಶಂಖ, ವೀಣೆ, ಹಿಂದೊಂದು ಶ್ಲೋಕ. ವಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ದಂಡು ಕೃಷ್ಣೆ ದಾಟಿದ ಕೂಡಲೇ ಮರಳುಗಾಡಿನ ಕೊಳಲು, ಎದೆ ನಡುಗಿಸುವ ನಗಾರಿ. ನಿರೂಪಕ ಇನ್ನೂ ಬಾಯಿ ತೆರೆದಿರುವುದಿಲ್ಲ. ಯಾರು ನಮ್ಮವರು, ಯಾರು ಹೊರಗಿನವರು ಎಂಬ ತೀರ್ಪು ಆಗಲೇ ಬಿದ್ದಿರುತ್ತದೆ.

ಮಾತಿನಲ್ಲಾದ ತಪ್ಪು ಇವತ್ತಲ್ಲ ನಾಳೆ ಸಿಕ್ಕಿಬೀಳುತ್ತದೆ. ಪೋರ್ಚುಗೀಸ್ ವರ್ತಕ ನೂನಿಜ್ ಈ ಕದನವನ್ನು 1522ಕ್ಕೆ ಹಾಕಿದ್ದ. ಇತಿಹಾಸಕಾರ ರಾಬರ್ಟ್ ಸಿವೆಲ್ ಅದನ್ನು 1520ರ ಮೇ ತಿಂಗಳಿಗೆ ಸರಿಸಿದ. ರಾಯನ ಕಾಲಾಳುಗಳು ಏಳು ಲಕ್ಷ ಎಂಬ ನೂನಿಜ್‌ನ ಲೆಕ್ಕವನ್ನು ಇಂದಿಗೂ ಹಾಗೇ ಒಪ್ಪಿಸುವ ಕಾರ್ಯಕ್ರಮಗಳಿವೆ, ಆದರೆ ಅದನ್ನು ಪ್ರಶ್ನಿಸುವವರೂ ಇದ್ದಾರೆ. ಹಿನ್ನೆಲೆ ಸಂಗೀತವನ್ನು ಮಾತ್ರ ಯಾರೂ ಕಟಕಟೆಗೆ ಕರೆಯುವುದಿಲ್ಲ.

ಕರೆದರೆ ಅದು ನಿಲ್ಲುವುದೂ ಇಲ್ಲ. ರಾಯನ ಪಡೆಯಲ್ಲಿ ಮುಸ್ಲಿಂ ಯೋಧರಿದ್ದರು. ರಾಯಚೂರು ಕೋಟೆಗೋಡೆಯ ಮೇಲಿದ್ದವರನ್ನು ಗುರಿಯಿಟ್ಟು ಹೊಡೆದದ್ದು ಕ್ರಿಸ್ತೊವಾವೊ ದ ಫಿಗೆರೇದೊನ ಪೋರ್ಚುಗೀಸ್ ಬಂದೂಕುಗಾರರು. ಎದುರು ಪಾಳೆಯದಲ್ಲಿ ಆದಿಲ್ ಶಾಹನ ದಂಡನಾಯಕ ಸಲಾಬತ್ ಖಾನನ ಬಳಿಯೂ ಪೋರ್ಚುಗೀಸರಿದ್ದರು. ಇಂಥ ಕಲಸುಮೇಲೋಗರದ ಯುದ್ಧಕ್ಕೆ ಎರಡೇ ರಾಗ ಹಂಚಿದರೆ ಹೇಗೆ? ಕೋಟೆಯನ್ನೇ ನೋಡಿ. ಅಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ 1294ರ ತೆಲುಗು ಶಾಸನ ಕಾಕತೀಯರ ದಂಡನಾಯಕ ಗೋರೆ ಗಂಗಯ್ಯ ರೆಡ್ಡಿಯ ಕಾಲದ್ದು. ಪಕ್ಕದಲ್ಲೇ ಕೆತ್ತಿದ ಚಿತ್ರದಲ್ಲಿ ಅದೇ ಕಲ್ಲನ್ನು ಬಂಡಿಗೆ ಹೇರಿ, ಕೋಣಗಳ ಸಾಲು ಹೂಡಿ ಎಳೆಸುತ್ತಿದ್ದಾರೆ. ಊರೊಳಗೆ ಬಹಮನಿಯವರ ಕಾಲದ ಏಕ್ ಮಿನಾರ್ ಮಸೀದಿ. ಅದಾದ ಏಳೆಂಟು ವರ್ಷಕ್ಕೇ ಕೋಟೆ ರಾಯನ ಕೈಗೆ ಬಂತು. ಡ್ರೋನ್ ಇವೆಲ್ಲವನ್ನೂ ಒಂದೇ ಸುತ್ತಿನಲ್ಲಿ ತೋರಿಸುತ್ತದೆ, ಸಂಗೀತ ಬೇರೆ ಬೇರೆ ಮಾಡುತ್ತದೆ. ಕೋಣಗಳ ಚಿತ್ರಕ್ಕಂತೂ ಹಾಲಿವುಡ್ ಮಾದರಿಯ ಮೇಳ! ಬಂಡಿ ಕಿರುಗುಟ್ಟಿದ ಸದ್ದು, ಆಳುಗಳ ಐಸಾ ಯಾರಿಗೂ ಬೇಡವಾಯಿತು.

ಒಂದು ಮಾತು ಒಪ್ಪಬೇಕು. ಇಸ್ಮಾಯಿಲನಿಗೆ ದಖ್ಖನಿಗಿಂತ ಪರ್ಷಿಯನ್, ತುರ್ಕಿ ರೀತಿ ರಿವಾಜು, ಸಂಗೀತವೇ ಇಷ್ಟವಾಗಿತ್ತೆಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಹಾಗಾಗಿ ಅವನ ಆಸ್ಥಾನದ ದೃಶ್ಯಕ್ಕೆ ಪರ್ಷಿಯನ್ ಧಾಟಿ ಹಾಕಿದರೆ ನನ್ನ ತಕರಾರಿಲ್ಲ. ಆದರೆ ಅದನ್ನೇ ಇಡೀ ಆದಿಲ್ ಶಾಹಿಗೆ ಹಚ್ಚುವಂತಿಲ್ಲ. ಅದೇ ವಂಶದ ಎರಡನೇ ಇಬ್ರಾಹಿಂ 'ಕಿತಾಬ್-ಎ-ನೌರಸ್' ಎಂಬ ದಖ್ಖನಿ ಹಾಡುಗಳ ಪುಸ್ತಕ ಬರೆದ, ಅದರಲ್ಲಿ ರಾಗಗಳಿವೆ, ಸರಸ್ವತಿಯ ಸ್ತುತಿಯಿದೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ರೆಡಿಮೇಡ್ ಟ್ರ್ಯಾಕ್ ಕೊಂಡು ತರುವವರಿಗೆ ಈ ಇಬ್ರಾಹಿಂ ಗೊತ್ತೇ ಇಲ್ಲ.

'ನಮ್ಮ' ಕಡೆಯ ರಾಗವಾದರೂ ಸರಿಯಿದೆಯೇ? ರಾಯನ ದೃಶ್ಯಕ್ಕೆ ಪಿಟೀಲು ನುಡಿಸುತ್ತಾರೆ. ಕರ್ನಾಟಕ ಸಂಗೀತಕ್ಕೆ ಪಿಟೀಲು ಬಂದದ್ದು ಅವನು ಸತ್ತು ಎರಡೂವರೆ ಶತಮಾನವಾದ ಮೇಲೆ. ಕದನದ ಸದ್ದು ಹೇಗಿತ್ತೆಂದು ನೂನಿಜ್ ಹೇಳಿದ್ದಾನಲ್ಲ: ತಮಟೆ, ಕಹಳೆ, ಜನರ ಬೊಬ್ಬೆ ಸೇರಿ ಆಕಾಶವೇ ಕಳಚಿ ಬಿದ್ದಂತಾಯಿತಂತೆ, ಮೇಲೆ ಹಾರುತ್ತಿದ್ದ ಹಕ್ಕಿಗಳು ದಿಗಿಲುಬಿದ್ದು ಕೈಗೆ ಸಿಕ್ಕವಂತೆ. ಉತ್ಪ್ರೇಕ್ಷೆ ಇರಲಿ, ಅಲ್ಲಿ ವೀಣೆಯ ಮಾಧುರ್ಯವಂತೂ ಇರಲಿಲ್ಲ.

1520ರ ಧ್ವನಿಯನ್ನು ಮರಳಿ ತರಲಾಗದು, ಅದನ್ನು ಕೇಳುವುದೂ ಹಟವೇ ಆದೀತು. ಕೆನ್ ಬರ್ನ್ಸ್‌ನ 'ದಿ ಸಿವಿಲ್ ವಾರ್' (1990) ಸರಣಿಯ ಪ್ರಸಿದ್ಧ ಪಿಟೀಲು ಧಾಟಿ ಅಮೆರಿಕದ ಅಂತರ್ಯುದ್ಧದ ಕಾಲದ್ದಲ್ಲ, ಜೇ ಉಂಗರ್ 1982ರಲ್ಲಿ ಕಟ್ಟಿದ್ದು. ನೋಡುಗರು ಹಳೆಯದೆಂದೇ ನಂಬಿದರು. ಆದರೂ ಅದು ನನಗೆ ಕ್ಷಮಾರ್ಹ, ಏಕೆಂದರೆ ಅದು ಸತ್ತವರಿಗಾಗಿ ಅಳುತ್ತದೆ, ಪಕ್ಷ ವಹಿಸುವುದಿಲ್ಲ. ನಮ್ಮ ದೂರದರ್ಶನದ 'ಭಾರತ್ ಏಕ್ ಖೋಜ್' (1988) ಇನ್ನೂ ಒಂದು ಹೆಜ್ಜೆ ಮುಂದೆ. ಶ್ಯಾಮ್ ಬೆನಗಲ್ ಅದರಲ್ಲಿ ಮಹಾಭಾರತಕ್ಕೆ ತೀಜನ್ ಬಾಯಿಯ ಪಂಡವಾನಿಯನ್ನೇ ಮುಂದಿಟ್ಟರು. ಅಲ್ಲಿ ಹಾಡು ಹಿನ್ನೆಲೆಗೆ ಸರಿಯಲಿಲ್ಲ, ತಾನೇ ಕಥೆ ಹೇಳಿತು.

ಆ ದಾರಿ ನಮ್ಮ ಜಿಲ್ಲೆಗೆ ಎಷ್ಟು ಸಲೀಸು! ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು, ಈ ಮೂವರು ಹರಿದಾಸರೂ ಹದಿನೆಂಟನೇ ಶತಮಾನದ ದೋಆಬದವರು. ಅವರ ಬಗ್ಗೆ ಬರುವ ಕಾರ್ಯಕ್ರಮಗಳು ಮಾಡುವುದೇನು? ಕ್ಯಾಸೆಟ್ ಕಾಲದ ಭಕ್ತಿಗೀತೆಯ ಧಾಟಿ, ಹಾರ್ಮೋನಿಯಂ, ಕೀಬೋರ್ಡು. ಹಾರ್ಮೋನಿಯಂ ಹುಟ್ಟಿದ್ದೇ ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ. ದಾಸರ ಮೂಲ ಧಾಟಿ ನಮಗೆ ಸಿಗದಿದ್ದರೂ ತಂಬೂರಿ, ತಾಳ, ಗೆಜ್ಜೆ ಸಿಗುತ್ತವೆ. ಊರ ಭಜನಾ ಮಂಡಳಿಯವರ ದನಿಯೂ ಸಿಗುತ್ತದೆ. ಮುದಗಲ್ಲಿನ ಮೊಹರಂನಲ್ಲಿ ಅಲಾಯಿ ಮುಂದೆ ಹಿಂದೂ ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳನ್ನು ಆದಿಲ್ ಶಾಹಿ ಅಧ್ಯಾಯಕ್ಕೆ ಇಟ್ಟು ನೋಡಿ, ಮರಳುಗಾಡಿನ ಕೊಳಲು ಎಷ್ಟು ಪೊಳ್ಳೆಂದು ತಿಳಿಯುತ್ತದೆ. ಅದು ಇಂದಿನ ದನಿ ಎಂದು ತೆರೆಯ ಮೇಲೆ ಒಂದು ಸಾಲು ಹಾಕಿದರಾಯಿತು. ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಇತಿಹಾಸ ಸಲಹೆಗಾರರಿಗೆ ಜಾಗವಿದೆ. ಅವರನ್ನು ಸ್ಕ್ರಿಪ್ಟ್ ತಿದ್ದಿಸಿ ಮನೆಗೆ ಕಳಿಸುವ ಬದಲು ಸಂಗೀತ ಕೂಡಿಸುವ ದಿನವೂ ಸ್ಟುಡಿಯೋಗೆ ಕರೆಯಲಿ.