ದಪ್ಪ ಅಕ್ಷರದ ಹೊಟ್ಟೆಯೊಳಗಿನ ಬೆಳಕು

ಜಾತ್ರೆಯ ಕರಪತ್ರವೋ ಮದುವೆಯ ಕರೆಯೋಲೆಯೋ ಕೈಗೆ ಬಂದರೆ ಕಣ್ಣು ಮೊದಲು ಹೋಗುವುದು ದಪ್ಪ ಅಕ್ಷರಕ್ಕೆ. ಓದಿ ಮಡಚಿಡುವ ಮುನ್ನ ಒಂದು ಗಳಿಗೆ ಅದನ್ನು ನೋಡಿ. ಅದರ ಚೆಲುವು ಮಸಿಗಿಂತ ಹೆಚ್ಚಾಗಿ ಮಸಿ ಬಿಟ್ಟುಕೊಟ್ಟ ಬಿಳಿಯಲ್ಲಿದೆ.

ಗೆರೆಯ ಏರಿಳಿತ

ಇಂಗ್ಲಿಷಿನ ಸೆರಿಫ್ ಅಕ್ಷರಗಳಿಗೆ ಗೆರೆಯ ತುದಿಯಲ್ಲಿ ಪುಟ್ಟ ಪಾದವಿರುತ್ತದೆ. ಕನ್ನಡಕ್ಕಿರುವುದು ತಲೆಕಟ್ಟು. ಹಾಗಾಗಿ ನಮ್ಮ ಸೆರಿಫ್ ಅಕ್ಷರದ ಗುರುತು ಗೆರೆಯ ಏರಿಳಿತ: ಲೇಖನಿ ಹೊರಳಿದಂತೆ ಒಂದೆಡೆ ತುಂಬಿಕೊಂಡು, ಇನ್ನೊಂದೆಡೆ ಸಣ್ಣಗಾಗುತ್ತದೆ. ಉಚಿತವಾಗಿ ಸಿಗುವ ‘ನೋಟೊ ಸೆರಿಫ್ ಕನ್ನಡ’ ಅಕ್ಷರಶೈಲಿಯಲ್ಲಿ ತೀರ ತೆಳುವಿನಿಂದ ಕಡುದಪ್ಪದವರೆಗೆ 9 ತೂಕಗಳಿವೆ. ಅದರ ಕಡುದಪ್ಪವನ್ನು ‘ಬಾಲೂ ತಮ್ಮ’ ಎಂಬ ಇನ್ನೊಂದು ಅಕ್ಷರಶೈಲಿಯ ಪಕ್ಕದಲ್ಲಿಟ್ಟು ನೋಡಿ. ಬಾಲೂ ತಮ್ಮದ ಗೆರೆ ಹೆಚ್ಚುಕಡಿಮೆ ಒಂದೇ ದಪ್ಪ, ತುದಿಗಳೆಲ್ಲ ಗುಂಡಗೆ. ಮಕ್ಕಳ ಪುಸ್ತಕಕ್ಕೂ ಮಿಠಾಯಿ ಅಂಗಡಿಗೂ ಒಪ್ಪುತ್ತದೆ. ನೋಟೊ ಸೆರಿಫ್ ಗಂಭೀರ. ಪುಸ್ತಕದ ಹೆಸರಿಗೆ, ಸ್ಮಾರಕದ ಬರಹಕ್ಕೆ ಅದೇ ಸರಿ.

ನಾಲ್ಕು ಊರು, ನಾಲ್ಕು ಪಾಠ

ಊರ ಹೆಸರುಗಳನ್ನೇ ದಪ್ಪವಾಗಿ ಬರೆದು ನೋಡಿ. ‘ಹಾವೇರಿ’ಯ ರಿ ನೋಡಿ: ಗುಡಿಸು ಎಷ್ಟೇ ಭಾರವಾಗಲಿ, ಕೆಳಗಿನ ಗುಂಡು ಉಸಿರಾಡುತ್ತಿರಬೇಕು. ‘ಬ್ಯಾಡಗಿ’ಯ ಡಕ್ಕೆ ಮಹಾಪ್ರಾಣದ ಜೋಡಿಯಿದೆ. ಢವನ್ನು ಡದಿಂದ ಬೇರೆ ಮಾಡುವುದು ಅಡಿಯ ಸಣ್ಣ ಸೀಳು; ಗೆರೆ ಉಬ್ಬಿ ಅದನ್ನು ನುಂಗಿದರೆ ಅಕ್ಷರವೇ ಬೇರೆಯಾಯಿತು. ‘ರಾಣೆಬೆನ್ನೂರು’ ಬರೆದಾಗ ನ್ನೂ ಮೇಲೆ ಕಣ್ಣಿಡಿ: ನಕಾರ, ಅದರ ಒತ್ತು, ಕೊಂಬಿನ ಇಳಿ ಮೂರೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಬಾಳಬೇಕು. ‘ಹೊಸರಿತ್ತಿ’ಯ ತ್ತಿಗೆ ಮೇಲೆ ಗುಡಿಸು, ಕೆಳಗೆ ಒತ್ತು. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಈ ಒತ್ತು ಅಡಿಯ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ.

ಎಲ್ಲಿ ಬೇಕು, ಎಲ್ಲಿ ಬೇಡ

ದಪ್ಪ ಅಕ್ಷರ ಕರೆಯುವುದಕ್ಕೆ, ಕೂತು ಮಾತಾಡುವುದಕ್ಕಲ್ಲ. ತಲೆಬರಹ, ವಧೂವರರ ಹೆಸರು, ಜಾತ್ರೆಯ ದಿನಾಂಕ ಅದಕ್ಕೆ ತಕ್ಕ ಜಾಗ. ಪುಟವನ್ನೆಲ್ಲ ಅದರಲ್ಲೇ ತುಂಬಿದರೆ ಕಣ್ಣು ದಣಿಯುತ್ತದೆ, ಕರೆದ ಮಾತೂ ಕೇಳದಾಗುತ್ತದೆ.

ಒಂದು ಚುಕ್ಕೆ

ಮತ್ತೆ ಹೊಸರಿತ್ತಿಗೆ ಬರೋಣ. 1943ರ ಏಪ್ರಿಲ್ 1ರಂದು ಅಲ್ಲಿ ಬ್ರಿಟಿಷ್ ಸರ್ಕಾರದ ಗುಂಡಿಗೆ ಮೂವರು ಸ್ವಾತಂತ್ರ್ಯ ಹೋರಾಟಗಾರರು ಬಲಿಯಾದರು: ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಈ ಹೆಸರುಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಕೊನೆಯ ಠ ನೋಡಿ. ರ ಮತ್ತು ಠ ನಡುವಿನ ಅಂತರ ಒಂದು ಚುಕ್ಕೆ. ಆ ಚುಕ್ಕೆ ಉಳಿಯಬೇಕಾದರೆ ಅದರ ಸುತ್ತ ಬಿಳಿ ಇರಬೇಕು. ಅದು ತುಂಬಿಹೋದರೆ ಪ್ರಾಣ ಕೊಟ್ಟವರ ಮನೆತನದ ಹೆಸರೇ ಕೆಡುತ್ತದೆ. ಆ ಬಿಳಿಯನ್ನು ಕಾಯುವ ಅಕ್ಷರವೇ ಒಳ್ಳೆಯ ದಪ್ಪ ಅಕ್ಷರ.