ಅಜ್ಜಿಯ ಮಾತು, ವಿದ್ಯಾಲಯದ ಅಂಗಳ: ಕೆನಡಾದ ಮೂಲನಿವಾಸಿ ವಿದ್ಯಾರ್ಥಿಗಳ ಸಾಂಸ್ಕೃತಿಕ ಆಸರೆಯನ್ನು ಕುರಿತು

ಕೆನಡಾದ ಸಂಸತ್ತು 1876ರಲ್ಲಿ ಅಂಗೀಕರಿಸಿದ ಇಂಡಿಯನ್ ಕಾಯ್ದೆಯಲ್ಲಿ ಒಂದು ವಿಲಕ್ಷಣವಾದ ಕಲಮು ಇತ್ತು. ಮೂಲನಿವಾಸಿಯೊಬ್ಬನು ವಿಶ್ವವಿದ್ಯಾಲಯದ ಪದವಿ ಪಡೆದು ವೈದ್ಯನೋ ವಕೀಲನೋ ಆದರೆ, ಪೌರನ ಪೂರ್ಣ ಹಕ್ಕುಗಳನ್ನು ನೀಡುವ ಹೆಸರಿನಲ್ಲಿ ಅವನನ್ನು ಕಾನೂನಿನ ದೃಷ್ಟಿಯ ‘ಇಂಡಿಯನ್’ ಸ್ಥಾನದಿಂದ ಹೊರಗಿಡಲಾಗುತ್ತಿತ್ತು. 1880ರ ತಿದ್ದುಪಡಿಯಿಂದ ಇದರ ಕಡ್ಡಾಯ ಸ್ವರೂಪ ಹೋಯಿತಾದರೂ, ಉನ್ನತ ಶಿಕ್ಷಣವೆಂದರೆ ಕುಲದಿಂದ ಕಳಚಿಕೊಳ್ಳುವುದು ಎಂಬ ಗ್ರಹಿಕೆ ಉಳಿದೇ ಉಳಿಯಿತು. ಇಂದು ಅಲ್ಲಿನ ವಿಶ್ವವಿದ್ಯಾಲಯಗಳು ಮೂಲನಿವಾಸಿ ವಿದ್ಯಾರ್ಥಿಗಳಿಗಾಗಿ ನಡೆಸುತ್ತಿರುವ ಸಾಂಸ್ಕೃತಿಕ ಹಾಗೂ ಕ್ಷೇಮಪಾಲನೆಯ ಕಾರ್ಯಗಳನ್ನು ಈ ಹಿನ್ನೆಲೆಯಲ್ಲಿಟ್ಟು ನೋಡದಿದ್ದರೆ, ಅವು ಉದಾರವಾದ ಒಂದು ಸೌಲಭ್ಯದಂತೆ ಮಾತ್ರ ಕಾಣುವ ಅಪಾಯವಿದೆ.

ಪಾಟ್‌ಲ್ಯಾಚ್ ಎಂಬ ದಾನೋತ್ಸವವನ್ನು 1885ರಿಂದ 1951ರವರೆಗೆ ನಿಷೇಧಿಸಿದ್ದುದು, 1,50,000ಕ್ಕೂ ಹೆಚ್ಚು ಮಕ್ಕಳನ್ನು ಮನೆಗಳಿಂದ ಬೇರ್ಪಡಿಸಿ ವಸತಿಶಾಲೆಗಳಲ್ಲಿ ಇರಿಸಿದ್ದುದು, ಆ ಶಾಲೆಗಳಲ್ಲಿ ತಾಯ್ನುಡಿಯಾಡಿದ ಮಕ್ಕಳನ್ನು ದಂಡಿಸಿದ್ದುದು ಈಗ ದಾಖಲಾಗಿರುವ ಇತಿಹಾಸ. ಜಾನಪದ ಅಧ್ಯಯನದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಪ್ರಸರಣದ ಸರಪಳಿಯನ್ನೇ ಕಡಿದ ಕೃತ್ಯ. ಅಜ್ಜಿಯಿಂದ ಮೊಮ್ಮಗಳಿಗೆ ಹರಿಯಬೇಕಾದ ಕಥೆ ನಡುವಿನ ಒಂದೆರಡು ತಲೆಮಾರುಗಳಲ್ಲಿ ನಿಂತುಹೋಯಿತು. ಆದ್ದರಿಂದಲೇ ಅನೇಕ ವಿದ್ಯಾರ್ಥಿಗಳು ತಮ್ಮ ಜನಾಂಗದ ಒಂದು ಆಚರಣೆಯನ್ನು ಮೊದಲ ಬಾರಿಗೆ ಕಾಣುವುದು ವಿಶ್ವವಿದ್ಯಾಲಯದ ಆವರಣದಲ್ಲಿ. ಕಳೆದುಕೊಂಡದ್ದನ್ನು ಕಲಿಸುವ ಹೊಣೆ, ಕಸಿದುಕೊಂಡ ವ್ಯವಸ್ಥೆಯ ಬಂಧುವಾದ ಇನ್ನೊಂದು ಸಂಸ್ಥೆಯ ಮೇಲೆ ಬಿದ್ದಿದೆ.

ಈ ವಿಷಯದ ಚಿಂತನೆಗೆ ಬುನಾದಿ ಹಾಕಿದ ಬರಹಗಳಲ್ಲಿ ವರ್ನಾ ಕರ್ಕ್‌ನೆಸ್ ಮತ್ತು ರೇ ಬಾರ್ನ್‌ಹಾರ್ಟ್ 1991ರಲ್ಲಿ ಪ್ರಕಟಿಸಿದ ಪ್ರಬಂಧವು ಪ್ರಮುಖವಾದುದು. ಗೌರವ, ಪ್ರಸ್ತುತತೆ, ಪರಸ್ಪರತೆ, ಹೊಣೆಗಾರಿಕೆ ಎಂಬ ನಾಲ್ಕು ತತ್ತ್ವಗಳನ್ನು ಅದು ಮುಂದಿಟ್ಟಿತು. ವಿದ್ಯಾರ್ಥಿಗಳು ಓದನ್ನು ನಡುವೆಯೇ ಬಿಟ್ಟುಹೋಗುವುದನ್ನು ಸಂಸ್ಥೆಗಳು ವಿದ್ಯಾರ್ಥಿಯ ಕೊರತೆಯೆಂದೇ ಲೆಕ್ಕ ಹಾಕುತ್ತವೆ. ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಕೊರತೆ ಸಂಸ್ಥೆಯದು ಎಂಬ ತಿರುವು ಆ ಪ್ರಬಂಧದ ನಿಜವಾದ ಸಾಧನೆ. ಆನಂತರದ ದಶಕಗಳಲ್ಲಿ ಈ ನಾಲ್ಕು ಪದಗಳು ವರದಿಗಳಲ್ಲಿ ಮತ್ತು ಕಾರ್ಯಯೋಜನೆಗಳಲ್ಲಿ ಉದ್ಧೃತವಾಗುತ್ತ ಹೋದಂತೆ ತಿರುವಿನ ಮೊನಚು ಮಸುಕಾಗಿ ಪದಗಳಷ್ಟೇ ಉಳಿದವೆನ್ನಬೇಕು.

ಕ್ರೀ ಜನಾಂಗದವರಾದ ಕರ್ಕ್‌ನೆಸ್ ಅವರ ಮುಂದಾಳತ್ವದಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ ರೂಪುಗೊಂಡ ಉದ್ದಮನೆ 1993ರಲ್ಲಿ ತೆರೆಯಿತು. ಅದು ಮಸ್ಕ್ವಿಯಮ್ ಜನರ ನೆಲ. ಕೆತ್ತನೆಯ ಕಂಬಗಳಿರುವ ಅದರ ದೊಡ್ಡ ಹಜಾರಕ್ಕೆ ಪಡುವಣ ಗಾಳಿಯ ಚೇತನವನ್ನು ಸೂಚಿಸುವ ಸ್ಟೈ-ವೆಟ್-ಟಾನ್ ಎಂಬ ಹೆಸರಿದೆ. ಹಿರಿಯರ ಮಾತು ಕೇಳಲು, ಊಟ ಹಂಚಿಕೊಳ್ಳಲು, ಓದಿಕೊಳ್ಳಲು ಅಲ್ಲಿ ಎಡೆಯಿದೆ. ಜೊತೆಗೆ ಶಿಶುವಿಹಾರವೂ ಇದೆ. ಸಂಸ್ಕೃತಿಯ ಚರ್ಚೆಯಲ್ಲಿ ಶಿಶುವಿಹಾರವನ್ನು ಯಾರೂ ಹೆಸರಿಸುವುದಿಲ್ಲ. ಆದರೆ ಮಗುವನ್ನು ಕಟ್ಟಿಕೊಂಡು ದೂರದ ಊರಿನಿಂದ ಬಂದ ತಾಯಿಗೆ ಕೆತ್ತನೆಯ ಕಂಬಕ್ಕಿಂತ ಮೊದಲು ಬೇಕಾದದ್ದು ಅದೇ.

ಉದ್ದಮನೆಯು ಪಶ್ಚಿಮ ಕರಾವಳಿಯ ಜನಾಂಗಗಳ ವಾಸ್ತುರೂಪ. ಬಯಲುಸೀಮೆಯ ಕ್ರೀ ವಿದ್ಯಾರ್ಥಿನಿಗೆ ಅಥವಾ ಉತ್ತರದ ಇನುಯಿಟ್ ವಿದ್ಯಾರ್ಥಿಗೆ ಅದು ಪರರ ಮನೆ. ಆದರೂ ಅದು ನೆಲದ ಒಡೆಯರ ಮನೆ ಎಂಬ ನಿಲುವಿನಲ್ಲಿ ನಿಂತಿರುವುದರಿಂದ, ಹೊರಗಿನಿಂದ ಬಂದವರು ಅತಿಥಿಗಳಾಗುವ ರೀತಿನೀತಿ ಅಲ್ಲಿ ಉಳಿದುಕೊಳ್ಳುತ್ತದೆ. ಇದಕ್ಕೆ ವ್ಯತಿರಿಕ್ತವಾದ ನಿದರ್ಶನವೆಂದರೆ ವಿದ್ಯಾರ್ಥಿ ಕ್ಷೇಮದ ಕೈಪಿಡಿಗಳಲ್ಲಿ ಹೆಚ್ಚಾಗಿ ಕಾಣಿಸುವ ‘ಔಷಧಚಕ್ರ’. ದೇಹ, ಮನಸ್ಸು, ಭಾವ, ಚೇತನಗಳನ್ನು ನಾಲ್ಕು ಬಣ್ಣದ ನಾಲ್ಕು ಭಾಗಗಳಲ್ಲಿ ತೋರಿಸುವ ಈ ಚಿತ್ರವು ಈಗಿನ ರೂಪದಲ್ಲಿ ವ್ಯಾಪಕವಾದದ್ದು 1970 ಮತ್ತು 1980ರ ದಶಕಗಳಲ್ಲಿ. ಬಯಲುಸೀಮೆಯ ಪ್ರಾಚೀನ ಕಲ್ಲುವೃತ್ತಗಳ ಹೆಸರನ್ನು ಹೊತ್ತಿದ್ದರೂ ಇದು ಬಹುಮಟ್ಟಿಗೆ ಆಧುನಿಕ ಬೋಧನಾಸಾಧನ. ಹೊಸದೆಂಬುದು ದೋಷವಲ್ಲ, ಜಾನಪದ ಯಾವಾಗಲೂ ಹೊಸದಾಗುತ್ತಲೇ ಇರುತ್ತದೆ. ದೋಷವಿರುವುದು 70ಕ್ಕೂ ಹೆಚ್ಚು ಮೂಲನಿವಾಸಿ ಭಾಷೆಗಳಿರುವ ದೇಶದಲ್ಲಿ ಒಂದೇ ಚಿತ್ರವನ್ನು ಎಲ್ಲರ ಪರಂಪರೆಯೆಂದು ಹಂಚುವುದರಲ್ಲಿ. ಕುಲ್ಲಿಕ್ ಎಂಬ ಸೀಲ್‌ಕೊಬ್ಬಿನ ದೀಪದ ಸುತ್ತ ಬೆಳೆದ ಇನುಯಿಟ್ ಸಂಸ್ಕೃತಿಗೆ ಆ ಚಕ್ರ ಯಾವ ಊರಿನದು?

ಇಲ್ಲಿ ಪದವೊಂದನ್ನು ಗಮನಿಸಬೇಕು. ‘ವೆಲ್‌ನೆಸ್’ ಎಂಬುದಕ್ಕೆ ಕನ್ನಡದಲ್ಲಿ ‘ಸ್ವಾಸ್ಥ್ಯ’ ಎನ್ನುವುದು ರೂಢಿ. ತನ್ನಲ್ಲಿ ತಾನು ನೆಲೆನಿಂತಿರುವುದು ಅದರ ಮೂಲಾರ್ಥ. ಕ್ರೀ ಭಾಷೆಯ ‘ವಾಹ್ಕೋಹ್ತೋವಿನ್’ ಎಂಬ ಪರಿಕಲ್ಪನೆಯ ಅರ್ಥ ನಂಟುತನ. ಮನುಷ್ಯರೊಡನೆ ಮಾತ್ರವಲ್ಲ, ನೆಲ ಮತ್ತು ಪ್ರಾಣಿಗಳೊಡನೆಯೂ ಇರುವ ನಂಟುತನ. ಬಾಳು ಹಸನಾಗುವುದು ಆ ನಂಟಿನಲ್ಲಿ ನೆಲೆನಿಂತಾಗ. ಸಲಹಾಕೇಂದ್ರದ ಮುಚ್ಚಿದ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದು ಗಂಟೆ ಎಂಬ ಲೆಕ್ಕದಲ್ಲಿ ನಡೆಯುವ ನೆರವು ಈ ಅರ್ಥವನ್ನು ಮುಟ್ಟಲಾರದು. ಆವರಣದ ಹಿರಿಯಳನ್ನು ವಿದ್ಯಾರ್ಥಿಗಳು ‘ಕೂಕುಮ್’, ಅಂದರೆ ಅಜ್ಜಿ ಎಂದು ಕರೆಯುವುದುಂಟು. ಕರೆದೊಡನೆ ಎರಡೂ ಕಡೆ ಋಣ ಹುಟ್ಟುತ್ತದೆ. ಆದರೆ ಆ ಅಜ್ಜಿ ಗೌರವಧನಕ್ಕೋ ವರ್ಷದ ಕರಾರಿಗೋ ನೇಮಕವಾಗಿದ್ದರೆ ಕರಾರು ಮುಗಿದ ದಿನ ನಂಟಿನ ಗತಿಯೇನು ಎಂಬ ಪ್ರಶ್ನೆಗೆ ಆಡಳಿತದ ಭಾಷೆಯಲ್ಲಿ ಉತ್ತರವಿಲ್ಲ.

ಕಥನದ ಮಟ್ಟಿಗೆ ಈ ಪ್ರಶ್ನೆಯನ್ನು ಹೆಚ್ಚು ಆಳವಾಗಿ ಎದುರಿಸಿದ ಗ್ರಂಥ ಸ್ಟೋಲೋ ಜನಾಂಗದ ಜೋ-ಆ್ಯನ್ ಆರ್ಚಿಬಾಲ್ಡ್ ಅವರ ‘ಇಂಡಿಜಿನಸ್ ಸ್ಟೋರಿವರ್ಕ್’ (2008). ಹಿರಿಯರ ಬಳಿ ಕಲಿತವರಾಗಿ, ಅವರ ಮಾತನ್ನು ಅವರ ಒಪ್ಪಿಗೆ ಪಡೆದೇ ಬರಹಕ್ಕೆ ತಂದವರಾಗಿ ಆರ್ಚಿಬಾಲ್ಡ್ ಬರೆಯುತ್ತಾರೆ. ಕನ್ನಡದ ಜಾನಪದ ಸಂಗ್ರಹಗಳಲ್ಲಿ ವಕ್ತೃಗಳ ಹೆಸರು ಬಹುತೇಕ ಅನುಬಂಧಕ್ಕೆ ಸರಿದಿರುವುದನ್ನು ಬಲ್ಲ ಓದುಗರಿಗೆ ಈ ಕ್ರಮದ ಬೆಲೆ ತಿಳಿಯದಿರದು. ಕೇಳುಗ, ಕಥೆ, ಹೇಳುಗ ಮೂವರೂ ಸೇರಿದಾಗ ಮಾತ್ರ ಕಥೆ ತನ್ನ ಕೆಲಸ ಮಾಡುತ್ತದೆ ಎಂಬ ಅವರ ನಿಲುವು, ಪಠ್ಯದೊಡನೆ ಸಂದರ್ಭವನ್ನೂ ದಾಖಲಿಸಬೇಕೆಂದು 1964ರಲ್ಲಿ ಅಲನ್ ಡಂಡೆಸ್ ವಾದಿಸಿದುದಕ್ಕೆ ಸಮೀಪವಾದುದು. ಆದರೆ ಡಂಡೆಸ್ ಅವರಲ್ಲಿ ಅದು ಸಂಗ್ರಾಹಕನ ವಿಧಾನ, ಇಲ್ಲಿ ಕೇಳುಗನ ಕರ್ತವ್ಯ. ಗ್ರಂಥದ ಏಳು ತತ್ತ್ವಗಳೂ ನಾಲ್ಕು ತತ್ತ್ವಗಳ ದಾರಿಯನ್ನೇ ಹಿಡಿದು ಪಟ್ಟಿಯಾಗಿ ಉದ್ಧೃತವಾಗುವ ಸಾಧ್ಯತೆ ಇಲ್ಲದಿಲ್ಲ. ಗ್ರಂಥದೊಳಗಿನ ಕಯೋಟಿಯ ಕಥೆಗಳು ಮಾತ್ರ ಪಟ್ಟಿಗೆ ಒಗ್ಗುವಂಥವಲ್ಲ.

ಸಂದರ್ಭದ ಮಾತು ಬಂದಾಗ ಕಾಲವನ್ನೂ ನೆನೆಯಬೇಕು. ಕ್ರೀ ಮತ್ತು ಅನಿಶಿನಾಬೆ ಜನರಲ್ಲಿ ಕೆಲವು ಬಗೆಯ ಪವಿತ್ರ ಕಥೆಗಳನ್ನು ನೆಲದ ಮೇಲೆ ಹಿಮವಿರುವಾಗ ಮಾತ್ರ ಹೇಳುವ ಕಟ್ಟಳೆಯಿದೆ. ವಿಶ್ವವಿದ್ಯಾಲಯದ ಚಳಿಗಾಲದ ಅವಧಿಗೆ ಇದು ಸೊಗಸಾಗಿ ಹೊಂದುತ್ತದೆ. ಆದರೆ ಸಂಸ್ಥೆಗಳಿಗೆ ಕಥೆ ಬೇಕಾಗುವುದು ಸೆಪ್ಟೆಂಬರಿನ ಸ್ವಾಗತ ಸಮಾರಂಭಕ್ಕೆ ಇಲ್ಲವೇ ಜೂನ್ 21ರ ಮೂಲನಿವಾಸಿಗಳ ದಿನಾಚರಣೆಗೆ. ಭೂತದ ವೇಷವನ್ನು ಮೆರವಣಿಗೆಗೆ ತಂದಾಗ ತುಳುನಾಡಿನಲ್ಲಿ ಏಳುವ ಆಕ್ಷೇಪದ ಒಳತಿರುಳೂ ಇದೇ: ಕಾಲ, ಸ್ಥಳ, ಅಧಿಕಾರ ತಪ್ಪಿದ ಆಚರಣೆ ಬರಿಯ ಪ್ರದರ್ಶನವಾಗುತ್ತದೆ. ಹಾಗೆಂದು ಆವರಣದ ಆಚರಣೆಯನ್ನೆಲ್ಲ ಹುಸಿ ಜಾನಪದವೆಂದು ತಳ್ಳಿಹಾಕುವುದು ವಿದ್ವತ್ತಿನ ಸೋಮಾರಿತನವಾದೀತು. ಮನೆಯಲ್ಲಿ ಹೇಳುವವರೇ ಉಳಿದಿಲ್ಲದ ಹುಡುಗಿಗೆ ಆವರಣವೇ ಮೂಲ ಸಂದರ್ಭ.

ಸತ್ಯ ಮತ್ತು ಸಮನ್ವಯ ಆಯೋಗವು 2015ರಲ್ಲಿ ನೀಡಿದ 94 ಕರೆಗಳಲ್ಲಿ ಹನ್ನೊಂದನೆಯದು ಉನ್ನತ ಶಿಕ್ಷಣಕ್ಕಾಗಿ ಕಾದಿರುವ ವಿದ್ಯಾರ್ಥಿಗಳ ಬಾಕಿ ತೀರುವಂತೆ ಹಣ ಒದಗಿಸಬೇಕೆಂದಿತು. ಹದಿನಾರನೆಯದು ಮೂಲನಿವಾಸಿ ಭಾಷೆಗಳಲ್ಲಿ ಪದವಿ ಶಿಕ್ಷಣ ಬೇಕೆಂದಿತು. ಎರಡೂ ದುಬಾರಿ. ಧೂಪಕ್ಕೆ ಕೋಣೆ ಗುರುತಿಸುವುದು ಅಗ್ಗ. ಅಗ್ಗವಾದದ್ದು ಮೊದಲು ಆಗುತ್ತದೆ ಎಂಬುದರಲ್ಲಿ ಅಚ್ಚರಿಯಿಲ್ಲ; ಆದರೂ ಆ ಕೋಣೆಯಲ್ಲಿ ಸೇಜ್ ಎಲೆಯನ್ನೋ ಸ್ವೀಟ್‌ಗ್ರಾಸ್ ಜಡೆಯನ್ನೋ ಹೊತ್ತಿಸುವ ಮುನ್ನ ಕಟ್ಟಡ ನಿರ್ವಹಣೆಯವರಿಗೆ ಮುಂಚಿತವಾಗಿ ತಿಳಿಸಬೇಕೆಂಬ ನಿಯಮ ಅನೇಕ ಕಡೆ ಇದೆ, ಹೊಗೆಗೆ ಎಚ್ಚರಿಕೆಯ ಗಂಟೆ ಮೊಳಗೀತೆಂಬ ಕಾರಣಕ್ಕೆ. ಪರೀಕ್ಷೆಯ ಹಿಂದಿನ ರಾತ್ರಿ ಊರಿನಿಂದ ಸಾವಿನ ಸುದ್ದಿ ಬಂದ ವಿದ್ಯಾರ್ಥಿ ಆ ಅರ್ಜಿಯನ್ನು ಯಾವಾಗ ತುಂಬಬೇಕು ಎಂಬುದನ್ನು ನಿಯಮ ಹೇಳುವುದಿಲ್ಲ.