ಒತ್ತಕ್ಷರದ ಪೆಟ್ಟು

ಕನ್ನಡ ರ‍್ಯಾಪ್ ಬಗ್ಗೆ ಮಾತು ಶುರುವಾದರೆ ಮೊದಲ ಜಗಳ ಗಾಯಕ ಚಂದನ್ ಶೆಟ್ಟಿಯ ಕುರಿತದ್ದೇ. ಅವರ ‘ತ್ರೀ ಪೆಗ್’ ರ‍್ಯಾಪೋ, ಪಾರ್ಟಿ ಹಾಡೋ? ಎರಡೂ ಅನ್ನುವವನು ನಾನು. ಮದುವೆ ಮನೆಯ ಡಿಜೆವರೆಗೆ ಈ ಧಾಟಿಯನ್ನು ತಲುಪಿಸಿದ್ದು ಸಣ್ಣ ಮಾತಲ್ಲ. ಆಲ್ ಓಕೆ, ರಾಹುಲ್ ಡಿಟ್ಟೊ, ಎಂಸಿ ಬಿಜ್ಜು ಈ ರ‍್ಯಾಪರ್‌ಗಳಲ್ಲಿ ಯಾರು ಮೇಲು ಎಂಬ ವಾದ ಮುಗಿಯುವಂಥದ್ದಲ್ಲ, ಬಿಡಿ.

ನನಗೆ ಹಿಡಿಸುವುದು ಪ್ರಾಸ ಕಟ್ಟುವ ಕಸುಬು. ಕನ್ನಡದಲ್ಲಿ ಅಂತ್ಯಪ್ರಾಸ ತೀರಾ ಅಗ್ಗ: ಬಂದೆ, ನಿಂತೆ, ನೋಡಿದೆ, ಓಡಿದೆ ಎಂದು ಕ್ರಿಯಾಪದಗಳು ತಾವಾಗಿಯೇ ಸಾಲುಗಟ್ಟುತ್ತವೆ. ಸೋಮಾರಿ ರ‍್ಯಾಪರ್ ಅಷ್ಟಕ್ಕೇ ತೃಪ್ತ. ಪಳಗಿದವನು ಪ್ರಾಸವನ್ನು ಸಾಲಿನೊಳಕ್ಕೆ ತಳ್ಳುತ್ತಾನೆ. ‘ಹತ್ತು, ಮತ್ತೆ, ಕತ್ತು, ಸುತ್ತ’ ಎಂದು ಬೀಟಿನ ಮೇಲೆ ಹೇಳಿ ನೋಡಿ. ಒತ್ತಕ್ಷರಕ್ಕೆ ನಾಲಿಗೆ ಅರೆಗಳಿಗೆ ತಡೆದು ಬಿಡುತ್ತದೆ. ಆ ಬಿಡುವು ಸ್ನೇರ್ ಡ್ರಮ್ಮಿನ ಪೆಟ್ಟಿಗೆ ಸರಿಯಾಗಿ ಬಿದ್ದರೆ ತಲೆ ತಾನೇ ಆಡುತ್ತದೆ. ಎರಡನೇ ಅಕ್ಷರದ ಈ ಪ್ರಾಸ ಪಂಪ, ರನ್ನರಿಗೂ ಕಡ್ಡಾಯವಾಗಿತ್ತು. ಮೈಕ್ ಹಿಡಿದ ಹುಡುಗರಿಗೆ ಛಂದಸ್ಸಿನ ಪಾಠ ಆಗಿರಲಿಕ್ಕಿಲ್ಲ, ಕಿವಿಯಂತೂ ಪಳಗಿದೆ.

ಬೇಸರವೊಂದೇ: ಹೆಚ್ಚಾಗಿ ಊರಿನ ಹೆಮ್ಮೆ, ‘ನಾನೇ ಕಿಂಗ್’ ಇವೇ ವಸ್ತು. ಬಾಡಿಗೆ, ಟ್ರಾಫಿಕ್, ಕೆಲಸ ಸಿಗದ ಡಿಗ್ರಿ ಇವಕ್ಕೂ ಒಂದಿಷ್ಟು ಸಾಲು ಬರೆಯಿರಪ್ಪ!